ಗುಡ್ಡ ಕಡಿದ ಸೈಟಿನಿಂದ ಕೆಂಪು ನೀರು ಕೆಳಗಿನ ಗದ್ದೆಗೆ ಇಳಿಯುತ್ತಿದೆ, ಮಳೆಗಾಲಕ್ಕೆ ಮುಂಚೆ ಏನು ಮಾಡಬಹುದು?

ಪರ್ವರಿ ಗುಡ್ಡ
ಎಲ್ಲರಿಗೂ ನಮಸ್ಕಾರ. ನಾನು ಗದಗ ಕಡೆಯವನು. ಹನ್ನೊಂದು ವರ್ಷದಿಂದ ಗೋವಾದಲ್ಲಿ ಸೈಟ್ ಸೂಪರ್‌ವೈಸರ್ ಕೆಲಸ. ಈಗ ಪರ್ವರಿ ಹತ್ತಿರ ಒಂದು ಇಳಿಜಾರಿನಲ್ಲಿ ನಾಲ್ಕು ಮನೆ ಕಟ್ಟುತ್ತಿದ್ದೇವೆ. ಜಾಗ ಸುಮಾರು 2,000 ಚದರ ಮೀಟರ್, ಅಂದರೆ ಅರ್ಧ ಎಕರೆ. ಮೇಲಿನ ಬದಿಯಲ್ಲಿ 4 ಮೀಟರ್ ಎತ್ತರಕ್ಕೆ ಗುಡ್ಡ ಕಡಿದಿದ್ದೇವೆ. ಅಗೆದ ಮಣ್ಣೆಲ್ಲ ಕೆಳಗಿನ ಮೂಲೆಯಲ್ಲಿ ರಾಶಿ ಬಿದ್ದಿದೆ.

ಮೊನ್ನೆ ಮಂಗಳವಾರ ನಲವತ್ತು ನಿಮಿಷ ಜೋರು ಮಳೆ ಬಂತು. ಗೇಟಿನಿಂದ ಕೆಂಪು ನೀರು ಹೊರಟಿತು. ರಸ್ತೆ ದಾಟಿತು, ಮೋರಿಗೆ ಬಿತ್ತು, ಅಲ್ಲಿಂದ ನೇರ ಕೆಳಗಿನ ಗದ್ದೆಗೆ. ಮರುದಿನ ಗದ್ದೆಯ ಅಜ್ಜಿ ಸೈಟಿಗೆ ಬಂದರು. ಬೈಯಲಿಲ್ಲ. ಸೆರಗಿನಲ್ಲಿ ಕಟ್ಟಿಕೊಂಡು ಬಂದ ಒಂದು ಹಿಡಿ ಮಣ್ಣು ತೆಗೆದು ನನ್ನ ಕೈಗೆ ಹಾಕಿದರು. ಕೊಂಕಣಿಯಲ್ಲಿ ಇಷ್ಟೇ ಹೇಳಿದರು: "ಇದು ನಿಮ್ಮದು." ಅವತ್ತಿನಿಂದ ನಿದ್ದೆ ಸರಿಯಾಗಿ ಬರುತ್ತಿಲ್ಲ.

ಸುತ್ತ ಹಸಿರು ನೆಟ್ ಕಟ್ಟಿಬಿಡು, ಸಾಕು ಅಂತ ಮಾಲೀಕರು ಹೇಳುತ್ತಾರೆ. ಅದು ಸಾಕಾ? ಮುಂಗಾರಿಗೆ ಎರಡು ವಾರ ಇದೆ. ದುಡ್ಡು ಜಾಸ್ತಿ ಇಲ್ಲ. ಜನ ಇದ್ದಾರೆ, ಒಂದು ಜೆಸಿಬಿ ಇದೆ.

ಮುಲುಂಡ್ ನಿವಾಸಿ
ಎರಡು ವಾರ ಅಂತ ನಂಬಿಕೊಂಡು ಕೂರಬೇಡಿ. 2025ರಲ್ಲಿ ಮುಂಬಯಿಗೆ ಮೇ 26ಕ್ಕೇ ಮುಂಗಾರು ಬಂತು. ವಾಡಿಕೆ ಜೂನ್ 11. ನಾಳೆಯಿಂದಲೇ ಶುರು ಮಾಡಿ.

ಸಿವಿಲ್ ಪುಣೆ
ಹಸಿರು ನೆಟ್ ಸಾಕಾಗುವುದಿಲ್ಲ. ಅದು ಬಿಸಿಲು ತಡೆಯಲು ಮಾಡಿದ ಬಲೆ. ಎಲೆ, ಕಡ್ಡಿ, ದೊಡ್ಡ ಹೆಂಟೆ ನಿಲ್ಲುತ್ತವೆ. ನೀರನ್ನು ಕೆಂಪು ಮಾಡುವ ನುಣ್ಣನೆ ಮಣ್ಣು ಅದರ ತೂತಿನಲ್ಲಿ ಆರಾಮಾಗಿ ದಾಟಿ ಹೋಗುತ್ತದೆ. ನಿಮಗೆ ಬೇಕಾಗಿರುವುದು ಸಿಲ್ಟ್ ಫೆನ್ಸ್. ನೀರು ಬಿಟ್ಟು ಮಣ್ಣು ಹಿಡಿಯುವ ಜಿಯೋಟೆಕ್ಸ್‌ಟೈಲ್ ಬಟ್ಟೆಯ ಬೇಲಿ. ಬಟ್ಟೆಯ ಬುಡ ನೆಲದೊಳಗೆ ಹೂತಿರಬೇಕು.

ಜುವಾರಿನಗರ ಕಾಂಟ್ರಾಕ್ಟರ್
ನಾನು ಒಪ್ಪುವುದಿಲ್ಲ. ನಾಲ್ಕು ಸೈಟಿಗೆ ಹಸಿರು ನೆಟ್ ಕಟ್ಟಿದ್ದೇನೆ, ಎರಡು ಪದರ. ಮಣ್ಣು ನಿಂತಿದೆ. ಕಣ್ಣಾರೆ ನೋಡಿದ್ದೇನೆ.

ಸಿವಿಲ್ ಪುಣೆ
ನಿಂತ ಮಣ್ಣು ಕಣ್ಣಿಗೆ ಕಾಣುತ್ತದೆ. ಹೋದ ಮಣ್ಣು ಕಾಣುವುದಿಲ್ಲ. ಮುಂದಿನ ಮಳೆಯಲ್ಲಿ ಎರಡು ಬಾಟಲಿ ತಗೊಳ್ಳಿ. ನೆಟ್‌ಗಿಂತ ಮುಂಚಿನ ನೀರು ಒಂದರಲ್ಲಿ, ನೆಟ್ ದಾಟಿದ ನೀರು ಇನ್ನೊಂದರಲ್ಲಿ. ಒಂದು ರಾತ್ರಿ ಇಟ್ಟು ತಳ ನೋಡಿ. ಆಮೇಲೆ ಮಾತಾಡೋಣ.

ಬದುವಿನ ಮೇಲೆ
ವಿಜಯಪುರದ ರೈತನ ಮಗ, ಈಗ ಫೋಂಡಾದಲ್ಲಿ ಇದ್ದೇನೆ. ನೀವು ಎಲ್ಲರೂ ಮಣ್ಣು ಹಿಡಿಯುವುದರ ಬಗ್ಗೆ ಮಾತಾಡುತ್ತಿದ್ದೀರಿ. ಮಣ್ಣು ಏಳದಂತೆ ಮಾಡುವುದು ಮೊದಲು, ಅಲ್ವಾ?

ನಮ್ಮ ಎರೆ ಹೊಲದಲ್ಲಿ ಅಪ್ಪ ಮೊದಲು ನೋಡುತ್ತಿದ್ದದ್ದು ಮೇಲಿನ ಹೊಲದ ನೀರು ಎಲ್ಲಿಂದ ಬರುತ್ತದೆ ಅಂತ. ಅದನ್ನು ಹೊಲದ ತಲೆಯಲ್ಲೇ ತಿರುಗಿಸಿ ಹಳ್ಳಕ್ಕೆ ಬಿಟ್ಟರೆ ಅರ್ಧ ಕೆಲಸ ಮುಗಿಯಿತು. ಆಮೇಲೆ ಬದು. ಒಂದು ಉದ್ದದ ಇಳಿಜಾರನ್ನು ಮೂರು ಗಿಡ್ಡ ಇಳಿಜಾರು ಮಾಡುವುದು. ನೀರು ಓಡಿದಷ್ಟೂ ಅದಕ್ಕೆ ಶಕ್ತಿ ಬರುತ್ತದೆ. ಓಡಲು ಜಾಗವೇ ಕೊಡಬಾರದು.

ಪರ್ವರಿ ಗುಡ್ಡ ಅವರೇ, ನಿಮ್ಮ ಕಡಿತದ ಮೇಲೆ ಏನಿದೆ? ಅಲ್ಲಿಂದ ಎಷ್ಟು ನೀರು ಸೈಟಿಗೆ ಇಳಿಯುತ್ತದೆ?

ಪರ್ವರಿ ಗುಡ್ಡ
ಮೇಲೆ ಗೇರು ಮರದ ಗುಡ್ಡ. ನಮ್ಮ ಸೈಟಿಗಿಂತ ಎರಡು ಪಟ್ಟು ಜಾಗ ಇರಬಹುದು. ಮೊನ್ನೆ ಮಳೆಯಲ್ಲಿ ಆ ನೀರೂ ಕಡಿತದ ಮೇಲಿಂದಲೇ ಧುಮುಕಿತು. ನಾನು ಅದನ್ನು ಲೆಕ್ಕಕ್ಕೇ ತಗೊಂಡಿರಲಿಲ್ಲ.

ಬದುವಿನ ಮೇಲೆ
ಹಾಗಾದರೆ ಅಲ್ಲಿಂದಲೇ ಶುರು. ಗೇರು ಗುಡ್ಡದಿಂದ ಬರುವುದು ತಿಳಿ ನೀರು. ನಿಮ್ಮ ಕಡಿತ ಮುಟ್ಟಿದ ಮೇಲೆ ರಾಡಿ. ಕಡಿತದ ಅಂಚಿನಿಂದ ಒಂದೆರಡು ಮೀಟರ್ ಹಿಂದೆ ಒಂದು ಕಾಲುವೆ ತೆಗೆಸಿ. ತೆಗೆದ ಮಣ್ಣನ್ನು ಕೆಳಗಿನ ಬದಿಗೆ ಹಾಕಿ ಒತ್ತಿ, ಬದು ಆಗುತ್ತದೆ. ನೀರು ಸೈಟಿನ ಪಕ್ಕದಿಂದ ಇಳಿದು ಹೋಗಲಿ. ನಿಮ್ಮ ಪಾಲಿನ ನೀರು ಅಷ್ಟಕ್ಕೇ ಮೂರರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ.

ಕುಂದಾಪ್ರ ಕಡೆ
ಒಂದು ನಿಮಿಷ. ಕಾಲುವೆ ತೆಗೆಯುವ ಮುಂಚೆ ಕಡಿತದ ಬಣ್ಣ ಹೇಳಿ. ಮೇಲಿಂದ ಕೆಳಗಿನವರೆಗೂ ಕೆಂಪು ಕಲ್ಲೇ ಇದೆಯಾ? ಕೆಳಗೆ ಬಿಳಿ ಇಲ್ಲಾ ನಸುಗುಲಾಬಿ ಬಣ್ಣದ ಮೆತ್ತನೆ ಮಣ್ಣು ಕಾಣುತ್ತದಾ? ಉಗುರಿನಲ್ಲಿ ಕೆರೆದರೆ ಪುಡಿ ಬರುತ್ತದಾ?

ಪರ್ವರಿ ಗುಡ್ಡ
ಹೌದು. ಮೇಲಿನ ಎರಡು ಮೀಟರ್ ಗಟ್ಟಿ ಚಿರೆಕಲ್ಲು, ಅದೇ ಕೆಂಪು ಕಲ್ಲು. ಕೆಳಗೆ ಬಿಳಿ, ಹಳದಿ ಪಟ್ಟೆ ಇರುವ ಮಣ್ಣು. ಒಣಗಿದಾಗ ಗಟ್ಟಿ ಇರುತ್ತದೆ, ಒದ್ದೆಯಾದರೆ ಕೈಗೆ ಮೆತ್ತಿಕೊಳ್ಳುತ್ತದೆ.

ಕುಂದಾಪ್ರ ಕಡೆ
ಅದು ಶೇಡಿ ಮಣ್ಣು. ನಮ್ಮ ಊರಲ್ಲಿ ಬಾವಿ ತೋಡುವವರಿಗೆಲ್ಲ ಇದರ ಪರಿಚಯ ಇದೆ. ಮುರಕಲ್ಲಿನ, ಅಂದರೆ ನಿಮ್ಮ ಚಿರೆಕಲ್ಲಿನ ಟೊಪ್ಪಿ ಇರುವವರೆಗೂ ಗುಡ್ಡಕ್ಕೆ ಏನೂ ಆಗುವುದಿಲ್ಲ. ಟೊಪ್ಪಿ ಕಡಿದು ಶೇಡಿಗೆ ಗಾಳಿ, ಮಳೆ ತಾಗಿಸಿದರೆ ಅದು ಸಕ್ಕರೆಯ ಹಾಗೆ ಕರಗುತ್ತದೆ. ನೀರು ಕುಡಿದರೆ ಅದರ ಬಲವೆಲ್ಲ ಹೋಗುತ್ತದೆ. ಕೆಳಗಿನ ಶೇಡಿ ಕರಗಿ ಹೋದ ಮೇಲೆ ಮೇಲಿನ ಕಲ್ಲು ಗಾಳಿಯಲ್ಲಿ ನೇತಾಡುತ್ತದೆ. ಆಮೇಲೆ ಒಂದು ರಾತ್ರಿ ಕುಸಿಯುತ್ತದೆ.

ಆದ್ದರಿಂದ ಇದು ಬರೀ ಗದ್ದೆಗೆ ಕೆಂಪು ನೀರು ಹೋಗುವ ವಿಷಯ ಅಲ್ಲ. ಆ 4 ಮೀಟರ್ ಗೋಡೆ ನೆಟ್ಟಗೆ ನಿಂತಿದೆಯಾ, ಓರೆ ಇದೆಯಾ? ಮೇಲಿನ ಕಾಲುವೆಯಲ್ಲಿ ನೀರು ಇಂಗಿದರೆ ಆ ನೀರೂ ಶೇಡಿಗೇ ಇಳಿಯುತ್ತದೆ. ಕಾಲುವೆಗೆ ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಇಲ್ಲವೇ ಸಿಮೆಂಟ್ ಮಾಡಿ.

ಬದುವಿನ ಮೇಲೆ
ಇದು ನನಗೆ ಗೊತ್ತಿರಲಿಲ್ಲ. ನಮ್ಮ ಕಡೆ ನೀರು ಇಂಗಿದರೆ ಖುಷಿ. ಇಲ್ಲಿ ಅದೇ ತಪ್ಪಾಗುತ್ತದೆ. ಸರಿಪಡಿಸಿದ್ದಕ್ಕೆ ಥ್ಯಾಂಕ್ಸ್.

ಮುಲುಂಡ್ ನಿವಾಸಿ
ಗುಡ್ಡ ಕಡಿಯಲು ಪರವಾನಗಿ ಇದೆ ತಾನೇ? ಗೋವಾದಲ್ಲಿ ಟೌನ್ ಅಂಡ್ ಕಂಟ್ರಿ ಪ್ಲಾನಿಂಗ್ ಕಾಯ್ದೆಯ 17ಎ ಸೆಕ್ಷನ್ ಇರುವುದೇ ಗುಡ್ಡ ಕಡಿಯುವುದಕ್ಕೆ, ತಗ್ಗು ತುಂಬುವುದಕ್ಕೆ ಲಗಾಮು ಹಾಕಲು.

ಪರ್ವರಿ ಗುಡ್ಡ
ಇದೆ. ಕಾಗದ ಎಲ್ಲ ಸರಿ ಇದೆ. ಆದರೆ ಮಳೆಗಾಲದಲ್ಲಿ ಮಣ್ಣು ಏನು ಮಾಡಬೇಕು ಅಂತ ಅದರಲ್ಲಿ ಯಾರೂ ಬಿಡಿಸಿ ಬರೆದಿಲ್ಲ.

ಜುವಾರಿನಗರ ಕಾಂಟ್ರಾಕ್ಟರ್
ಬರೆಯುವುದಿಲ್ಲ. ಸಣ್ಣ ಸೈಟಿಗೆ ಕಾನೂನೇ ಇಲ್ಲ. ದೊಡ್ಡವರಿಗೆ ಮಾತ್ರ ಪರಿಸರ ಅನುಮತಿ.

ಸಿವಿಲ್ ಪುಣೆ
ಅರ್ಧ ಸರಿ. 2006ರ ಇಐಎ (ಪರಿಸರ ಪರಿಣಾಮ ಅಂದಾಜು) ಅಧಿಸೂಚನೆ ಪ್ರಕಾರ ಪರಿಸರ ಅನುಮತಿ ಬೇಕಾಗುವುದು 20,000 ಚದರ ಮೀಟರ್ ಕಟ್ಟಡದಿಂದ ಮೇಲಕ್ಕೆ. ಅದಕ್ಕಿಂತ ಸಣ್ಣದಕ್ಕೆ ಆ ಷರತ್ತು ಬರುವುದಿಲ್ಲ. ಆದರೆ 1974ರ ಜಲ ಕಾಯ್ದೆಯ 24ನೇ ಸೆಕ್ಷನ್ ಇದೆ. ಹಳ್ಳ ಹೊಳೆಗೆ ಕೊಳಕು ಬಿಡಬಾರದು, ನೀರಿನ ಹರಿವಿಗೆ ಅಡ್ಡಿಯಾಗುವಂಥದ್ದನ್ನೂ ಬಿಡಬಾರದು ಅಂತ ಅದು ಹೇಳುತ್ತದೆ. ಅದಕ್ಕೆ ಸೈಟಿನ ಅಳತೆ ಲೆಕ್ಕಕ್ಕಿಲ್ಲ.

ಗದ್ದೆಮನೆ
ನಾನು ಕಾರವಾರದವಳು. ಮದುವೆಯಾಗಿ ಗೋವಾಕ್ಕೆ ಬಂದು ಇಪ್ಪತ್ತು ವರ್ಷ. ನಮ್ಮದೂ ಗದ್ದೆ ಇದೆ. ಆ ಅಜ್ಜಿಯ ಕಡೆಯಿಂದ ಎರಡು ಮಾತು ಹೇಳಬೇಕು.

ಗುಡ್ಡದಿಂದ ಬಂದ ಮಣ್ಣು ಗೊಬ್ಬರ ಅಲ್ವಾ ಅಂತ ಕೆಲವರು ಕೇಳುತ್ತಾರೆ. ಅಲ್ಲ. ಕಾಡಿನ ಮೇಲ್ಮಣ್ಣು ಬಂದರೆ ಸಂತೋಷ. ಇದು ಗುಡ್ಡದ ಹೊಟ್ಟೆಯ ಮಣ್ಣು, ಅದರಲ್ಲಿ ಸತ್ವ ಇಲ್ಲ. ಗದ್ದೆಯ ಮೇಲೆ ತೆಳ್ಳಗೆ ಹರಡಿ ಒಣಗಿದರೆ ಹಪ್ಪಳದ ಹಾಗೆ ಗಟ್ಟಿಯಾಗುತ್ತದೆ. ಸಸಿ ಉಸಿರಾಡುವುದಿಲ್ಲ. ಗಣಿ ಇದ್ದ ತಾಲೂಕುಗಳಲ್ಲಿ ಜನ ಇದನ್ನು ವರ್ಷಗಟ್ಟಲೆ ಅನುಭವಿಸಿದ್ದಾರೆ.

ಇನ್ನೊಂದು ವಿಷಯ. ಗುಡ್ಡದ ಕೆಳಗಿನವು ಎಷ್ಟೋ ಖಾಜನ್ ಗದ್ದೆ. ಸಮುದ್ರದ ಉಬ್ಬರದ ನೀರಿನ ಮಟ್ಟಕ್ಕಿಂತ ತಗ್ಗು. ಒಡ್ಡು ಕಟ್ಟಿ, ಮಾನಸ್ ಅಂತ ಮರದ ಬಾಗಿಲು ಇಟ್ಟು, ಇಳಿತದ ಹೊತ್ತಿಗೆ ನೀರು ಹೊರಗೆ ಹೋಗುವ ಹಾಗೆ ಮಾಡಿದ್ದಾರೆ. ಹೂಳು ಬಂದು ಕಾಲುವೆ ತುಂಬಿದರೆ ಇಳಿತದ ಆ ಕೆಲವೇ ಗಂಟೆಯಲ್ಲಿ ನೀರು ಖಾಲಿಯಾಗುವುದಿಲ್ಲ. ಗದ್ದೆ ಮುಳುಗಿಯೇ ಇರುತ್ತದೆ. ಹಾಳಾಗುವುದು ಒಬ್ಬರ ಗದ್ದೆ ಅಲ್ಲ, ಇಡೀ ಬಯಲು.

ಪರ್ವರಿ ಗುಡ್ಡ
ಇದನ್ನು ಮಾಲೀಕರಿಗೆ ಓದಿ ಹೇಳುತ್ತೇನೆ ಅಕ್ಕಾ.

ಹೊಸಬ ಮಡಗಾಂವ್
ಕೇಳುತ್ತಿದ್ದೇನೆ ಅಂತ ಬೇಜಾರಾಗಬೇಡಿ, ಒಳ್ಳೆ ಚಿರೆಕಲ್ಲು ಎಲ್ಲಿ ಸಿಗುತ್ತದೆ? ಮನೆ ಕಟ್ಟಿಸಬೇಕು.

ಕುಂದಾಪ್ರ ಕಡೆ
ಅದಕ್ಕೆ ಬೇರೆ ಎಳೆ ಶುರು ಮಾಡಿ, ಬರೆಯುತ್ತೇನೆ. ಒಂದೇ ಮಾತು: ಕ್ವಾರಿಯಿಂದ ಬಂದ ತಕ್ಷಣ ಕಟ್ಟಬೇಡಿ. ಕಡಿದಾಗ ಮೆತ್ತಗಿರುತ್ತದೆ, ಗಾಳಿಗೆ ಒಣಗಿದಷ್ಟೂ ಗಟ್ಟಿಯಾಗುತ್ತದೆ.

ಸಿವಿಲ್ ಪುಣೆ
ಈಗ ಲೆಕ್ಕ ಮಾಡೋಣ. ಸೈಟಿನ ಕೆಳಗಿನ ಮೂಲೆಯಲ್ಲಿ ಒಂದು ಹೂಳು ಹೊಂಡ ಬೇಕು. ಅಮೆರಿಕದ ನಿಯಮದಲ್ಲಿ ಎಕರೆಗೆ 3,600 ಘನ ಅಡಿ. ನಿಮ್ಮದು ಅರ್ಧ ಎಕರೆ, ಅಂದರೆ 1,800 ಘನ ಅಡಿ, ಸುಮಾರು 50 ಘನ ಮೀಟರ್. 10 ಮೀಟರ್ ಉದ್ದ, 4 ಮೀಟರ್ ಅಗಲ, ಒಂದೂಕಾಲು ಮೀಟರ್ ಆಳ. ಉದ್ದ ಅಗಲದ ಎರಡು ಪಟ್ಟಿಗಿಂತ ಕಡಿಮೆ ಇರಬಾರದು. ನೀರು ಒಂದು ತುದಿಯಲ್ಲಿ ಒಳಗೆ, ಇನ್ನೊಂದು ತುದಿಯಲ್ಲಿ ಹೊರಗೆ. ಹೊರಹೋಗುವ ನೀರನ್ನು ಮೇಲ್ಪದರದಿಂದ ತೆಗೆಯಬೇಕು, ತಳದಿಂದ ಅಲ್ಲ.

ಮುಲುಂಡ್ ನಿವಾಸಿ
ಅಮೆರಿಕದ ಲೆಕ್ಕ ಗೋವಾ ಮಳೆಗೆ ಹೇಗೆ ಆಗುತ್ತದೆ? ಎಕರೆಗೆ 3,600 ಘನ ಅಡಿ ಅಂದರೆ 1 ಇಂಚು ಹರಿವು ಅಷ್ಟೇ. ಪಣಜಿಯಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ. ಜುಲೈನಲ್ಲಿ 1 ಇಂಚು ಅರ್ಧ ಗಂಟೆಯಲ್ಲಿ ಬೀಳಬಹುದು. ದಿನಕ್ಕೆ 100 ಮಿಲಿಮೀಟರ್ ಬಿದ್ದರೆ ನಿಮ್ಮ ಅರ್ಧ ಎಕರೆಗೆ 200 ಘನ ಮೀಟರ್ ನೀರು. ಒಂದೇ ಸಮನೆ ಬಿದ್ದರೂ ಹೊಂಡ ಆರು ತಾಸಿನಲ್ಲೇ ತುಂಬಿ ಹರಿಯುತ್ತದೆ.

ಸಿವಿಲ್ ಪುಣೆ
ಹೊಂಡ ಎಲ್ಲಾ ನೀರನ್ನೂ ಹಿಡಿದಿಡಲು ಅಲ್ಲ. ನೀರಿನ ಓಟ ನಿಲ್ಲಿಸಲು. ತುಂಬಿ ಹರಿದರೂ ದಪ್ಪ ಮಣ್ಣು, ಮರಳು ಅಲ್ಲೇ ಇಳಿಯುತ್ತವೆ.

ಬದುವಿನ ಮೇಲೆ
ಹಾಗಿದ್ದರೆ ಕೋಡಿ ಬೇಕು. ಕೋಡಿ ಇಲ್ಲದ ಕೆರೆ ಎಲ್ಲಿ ಬೇಕಾದರೂ ಒಡೆಯುತ್ತದೆ. ಅದು ಹರಿಯುವ ಜಾಗ ನಾವೇ ಮಾಡಿಕೊಡಬೇಕು. ಕಲ್ಲು ಹಾಸಿ, ಅಗಲ ಮಾಡಿ, ತೆಳ್ಳಗೆ ಹರಿಯುವ ಹಾಗೆ. ಇಲ್ಲದಿದ್ದರೆ ಒಂದೇ ರಾತ್ರಿ ಹೊಂಡದ ದಂಡೆ ಕೊಚ್ಚಿ, ಹಿಡಿದಿಟ್ಟ ಹೂಳೂ ಒಟ್ಟಿಗೆ ಗದ್ದೆಗೆ ಹೋಗುತ್ತದೆ.

ಕುಂದಾಪ್ರ ಕಡೆ
ಹೊಂಡ ಮಾಡಿ, ಆದರೆ ಅದನ್ನು ನಂಬಿ ಕೂರಬೇಡಿ. ಶೇಡಿಯ ಕಣ ತುಂಬಾ ಸಣ್ಣ. ನಿಂತ ನೀರಿನಲ್ಲಿ ಸಣ್ಣ ಮರಳು 1 ಮೀಟರ್ ಇಳಿಯಲು ಎರಡು ನಿಮಿಷ ಸಾಕು. ಮಿಲಿಮೀಟರಿನ ನೂರರಲ್ಲಿ ಒಂದು ಭಾಗದಷ್ಟು ಸಣ್ಣ ಕಣಕ್ಕೆ ಸುಮಾರು ಮೂರು ಗಂಟೆ. ಸಾವಿರದಲ್ಲಿ ಒಂದು ಭಾಗದ ಜೇಡಿ ಕಣಕ್ಕೆ ಹತ್ತು ದಿನಕ್ಕಿಂತ ಜಾಸ್ತಿ. ಗೋವಾದಲ್ಲಿ ಯಾವ ಹೊಂಡದಲ್ಲಿ ನೀರು ಹತ್ತು ದಿನ ಅಲುಗಾಡದೆ ನಿಲ್ಲುತ್ತದೆ? ಒಮ್ಮೆ ನೀರಿಗೆ ಬೆರೆತ ಜೇಡಿ ನಿಮ್ಮ ಕೈ ತಪ್ಪಿತು ಅಂತಲೇ ತಿಳಿಯಿರಿ.

ಜುವಾರಿನಗರ ಕಾಂಟ್ರಾಕ್ಟರ್
ಪಟಿಕ ಹಾಕಿ. ಬಾವಿ ನೀರಿಗೆ ಹಾಕುತ್ತಾರಲ್ಲ. ಎಲ್ಲ ತಳಕ್ಕೆ ಕೂರುತ್ತದೆ.

ಸಿವಿಲ್ ಪುಣೆ
ಕೂರುತ್ತದೆ, ನಿಜ. ಆದರೆ ಎಷ್ಟು ಹಾಕಬೇಕು ಅಂತ ಸಣ್ಣ ಬಾಟಲಿಗಳಲ್ಲಿ ಪರೀಕ್ಷೆ ಮಾಡಿಯೇ ತಿಳಿಯಬೇಕು. ಜಾಸ್ತಿಯಾದರೆ ನೀರು ಹುಳಿಯಾಗುತ್ತದೆ, ಅಲ್ಯುಮಿನಿಯಂ ಗದ್ದೆಗೆ ಇಳಿಯುತ್ತದೆ. ಗೋವಾದ ಕೆಂಪು ಮಣ್ಣು ಮೊದಲೇ ಹುಳಿ. ಮೀನಿಗೂ ಒಳ್ಳೆಯದಲ್ಲ. ಕೆಳಗೆ ಗದ್ದೆ ಇರುವ ಸೈಟಿಗೆ ನಾನಂತೂ ಹೇಳುವುದಿಲ್ಲ.

ಗದ್ದೆಮನೆ
ದಯವಿಟ್ಟು ಬೇಡ.

ಬದುವಿನ ಮೇಲೆ
ನಾನು ಮೊದಲೇ ಹೇಳಿದ್ದು ಇದೇ. ಮಣ್ಣು ಏಳಬಾರದು. ದೊಡ್ಡ ಮಳೆ ಹನಿ ಸೆಕೆಂಡಿಗೆ 8, 9 ಮೀಟರ್ ವೇಗದಲ್ಲಿ ಬೀಳುತ್ತದೆ. ಬರಿ ಮಣ್ಣಿಗೆ ಅದು ಗುದ್ದಲಿ ಏಟು. ಮೇಲೆ ಏನಾದರೂ ಹೊದಿಸಿದರೆ ಏಟು ಹುಲ್ಲಿಗೆ ಬೀಳುತ್ತದೆ, ಮಣ್ಣಿಗೆ ಅಲ್ಲ. ಭತ್ತದ ಹುಲ್ಲು ಎಕರೆಗೆ ಎರಡು ಟನ್ ಹರಡಿದರೆ ಸಾಕು, ನೆಲ ಕಾಣಬಾರದು. ನಿಮ್ಮ ಅರ್ಧ ಎಕರೆಗೆ ಒಂದು ಟನ್. ಗೋವಾದಲ್ಲಿ ತೆಂಗಿನ ಗರಿಗೆ ಬರವೇ? ಕಡಿತದ ಮೇಲೆ ಅಡ್ಡಡ್ಡ ಹಾಸಿ, ಗೂಟ ಹೊಡೆದು ಹಗ್ಗ ಕಟ್ಟಿ.

ನರ್ಸರಿ ಕೆಲಸ
ಗರಿ ಒಂದು ಮಳೆಗಾಲಕ್ಕೆ ಆಗುತ್ತದೆ. ಕಡಿತಕ್ಕೆ ತೆಂಗಿನ ನಾರಿನ ಭೂವಸ್ತ್ರ ಹಾಸುವುದು ಇನ್ನೂ ಒಳ್ಳೆಯದು. ಬಲೆಯ ಹಾಗೆ ನೇಯ್ದಿರುತ್ತದೆ. ಚದರ ಮೀಟರಿಗೆ 400 ಗ್ರಾಂ, 700 ಗ್ರಾಂ ತೂಕದ್ದು ಸಿಗುತ್ತದೆ. ಐಎಸ್ 15869 ಅಂತ ಅದಕ್ಕೆ ಮಾನಕವೂ ಇದೆ. ಎರಡು, ಮೂರು ವರ್ಷದಲ್ಲಿ ಕೊಳೆತು ಮಣ್ಣಾಗುತ್ತದೆ, ಅಷ್ಟರಲ್ಲಿ ಗಿಡ ಬೇರು ಬಿಟ್ಟಿರುತ್ತದೆ.

ಹಾಸುವಾಗ ಜನ ಮಾಡುವ ತಪ್ಪು: ಸುಮ್ನೆ ಮೇಲಿಂದ ಇಳಿಬಿಡುತ್ತಾರೆ. ಮೇಲಿನ ತುದಿಯನ್ನು ಒಂದು ಅಡಿ ಗುಂಡಿಯಲ್ಲಿ ಹೂಳಬೇಕು. ಬಲೆ ನೆಲಕ್ಕೆ ಅಂಟಿರಬೇಕು. ಎಲ್ಲಾದರೂ ಗುಡಾರದ ಹಾಗೆ ಎದ್ದರೆ ನೀರು ಅದರ ಕೆಳಗೆ ಓಡಿ ಕೊರಕಲು ಮಾಡುತ್ತದೆ.

ಗಿಡಕ್ಕೆ ಲಾವಂಚ. ಅದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಬೇರು ಅಗಲಕ್ಕೆ ಹೋಗುವುದಿಲ್ಲ, ನೆಟ್ಟಗೆ ಕೆಳಗೆ 3, 4 ಮೀಟರ್ ಇಳಿಯುತ್ತದೆ. ಸಸಿಯಿಂದ ಸಸಿಗೆ 10ರಿಂದ 15 ಸೆಂಟಿಮೀಟರ್, ಇಳಿಜಾರಿಗೆ ಅಡ್ಡಲಾಗಿ ಸಾಲು.

ಕುಂದಾಪ್ರ ಕಡೆ
ಲಾವಂಚ ಒಳ್ಳೆಯದು, ಆದರೆ ನೆಟ್ಟಗೆ ಕಡಿದ 4 ಮೀಟರ್ ಶೇಡಿ ಗೋಡೆಯಲ್ಲಿ ಯಾವ ಗಿಡವೂ ನಿಲ್ಲುವುದಿಲ್ಲ. ಮೊದಲು ಓರೆ ಮಾಡಿ, ನಡುವೆ ಒಂದು ಮೆಟ್ಟಿಲು ಬಿಡಿ. ಆಗದಿದ್ದರೆ ಮಣ್ಣು ತಡೆಯುವ ರಿಟೇನಿಂಗ್ ಗೋಡೆ, ಅದರಲ್ಲಿ ನೀರು ಬಸಿಯಲು ತೂತು. ಜಿಯೋಟೆಕ್ನಿಕಲ್, ಅಂದರೆ ಮಣ್ಣು, ಇಳಿಜಾರಿನ ಲೆಕ್ಕ ಗೊತ್ತಿರುವ ಎಂಜಿನಿಯರ್ ಒಬ್ಬರು ಬಂದು ನೋಡಲೇಬೇಕು. ಇದು ನಾವು ಇಲ್ಲಿ ಕೂತು ತೀರ್ಮಾನ ಮಾಡುವ ವಿಷಯ ಅಲ್ಲ.

ಮುಲುಂಡ್ ನಿವಾಸಿ
ಪುಣೆ ಜಿಲ್ಲೆಯ ಮಾಳೀಣ್ ಊರು ನೆನಪಾಗುತ್ತದೆ. 2014ರ ಜುಲೈ 30. ಊರಿನ ಬಹುಭಾಗ ಮಣ್ಣಿನ ಕೆಳಗೆ ಹೋಯಿತು.

ಸಿವಿಲ್ ಪುಣೆ
ಅದು ಕಟ್ಟಡದ ಸೈಟ್ ಅಲ್ಲ, ಇಡೀ ಬೆಟ್ಟದ ಇಳಿಜಾರು ಜಾರಿದ್ದು. ಎರಡನ್ನೂ ಸೇರಿಸಬೇಡಿ. ಈ ವಿಷಯಕ್ಕೆ ಹತ್ತಿರದ್ದು ನಮ್ಮ ಪುಣೆಯ ಕೊಂಢ್ವಾ. 2019ರ ಜೂನ್ 29, ರಾತ್ರಿ ಮಳೆ. ಒಂದು ವಸತಿ ಸಂಕೀರ್ಣದ ಕಾಂಪೌಂಡ್ ಗೋಡೆ ಪಕ್ಕದ ಸೈಟಿನ ಕಾರ್ಮಿಕರ ಶೆಡ್ಡುಗಳ ಮೇಲೆ ಬಿತ್ತು. 15 ಜನ ಹೋದರು. ಮಕ್ಕಳೂ ಇದ್ದರು. ಎಲ್ಲರೂ ನಿದ್ದೆಯಲ್ಲಿದ್ದರು.

ಪರ್ವರಿ ಗುಡ್ಡ ಅವರೇ, ನಿಮ್ಮ ಜನ ಎಲ್ಲಿ ಮಲಗುತ್ತಾರೆ?

ಪರ್ವರಿ ಗುಡ್ಡ
ನಾಲ್ಕು ಕುಟುಂಬ. ಎರಡು ಬಾಗಲಕೋಟೆ, ಎರಡು ಕೊಪ್ಪಳ. ತಗಡಿನ ಶೆಡ್ಡು ಕೆಳಗಿನ ಮೂಲೆಯಲ್ಲಿ, ಕಾಂಪೌಂಡ್ ಪಕ್ಕ. ಮಣ್ಣಿನ ರಾಶಿ ಕಾಂಪೌಂಡಿನ ಒಳಗೆ, ಶೆಡ್ಡು ಹೊರಗೆ.

ಬರೆಯುವಾಗಲೇ ಕೈ ನಡುಗುತ್ತಿದೆ.

ಸಿವಿಲ್ ಪುಣೆ
ಉಳಿದದ್ದೆಲ್ಲ ಬಿಡಿ. ಇವತ್ತೇ ಶೆಡ್ಡು ಎತ್ತಿಸಿ. ಆ ಕಾಂಪೌಂಡನ್ನು ಮಣ್ಣು ತಡೆಯಲು ಕಟ್ಟಿಲ್ಲ. ರಾಶಿ ಒದ್ದೆಯಾದರೆ ಅದರ ತೂಕ ಜಾಸ್ತಿಯಾಗುತ್ತದೆ, ಹಿಂದೆ ನೀರು ನಿಂತರೆ ನೀರಿನ ಒತ್ತಡವೂ ಸೇರುತ್ತದೆ.

ಜುವಾರಿನಗರ ಕಾಂಟ್ರಾಕ್ಟರ್
ನನ್ನ ಹತ್ತಿರ ಎಂಟು ತಗಡು, ಒಂದು ಟೆಂಪೋ ಇದೆ. ನಂಬರ್ ಮೆಸೇಜ್ ಮಾಡಿದ್ದೇನೆ. ಸಂಜೆ ಬರುತ್ತೇನೆ. ನೆಟ್ ಜಗಳ ಆಮೇಲೆ ಮಾಡೋಣ.

ಪರ್ವರಿ ಗುಡ್ಡ
ಫೋನ್ ಮಾಡಿದೆ. ಬರುತ್ತಿದ್ದಾರೆ.

ಪರ್ವರಿ ಗುಡ್ಡ
ರಾತ್ರಿ ಹನ್ನೊಂದೂವರೆ. ನಾಲ್ಕೂ ಶೆಡ್ಡು ರಸ್ತೆಯ ಆಚೆಗಿನ ಸಮತಟ್ಟು ಜಾಗಕ್ಕೆ ಹೋದವು. ಜಾಗದವರು ಮಳೆಗಾಲ ಮುಗಿಯುವವರೆಗೆ ಒಪ್ಪಿದ್ದಾರೆ. ಬಾಗಲಕೋಟೆಯ ಒಬ್ಬ ತಾಯಿ, ಇಷ್ಟು ದಿನ ಯಾಕೆ ಹೇಳಲಿಲ್ಲ ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ನಾಳೆ ಬೆಳಿಗ್ಗೆ ರಾಶಿಯನ್ನು ಗೋಡೆಯಿಂದ ದೂರ ಸರಿಸುತ್ತೇವೆ.

ಗದ್ದೆಮನೆ
ದೇವರು ಒಳ್ಳೆಯದು ಮಾಡಲಿ. ಜುವಾರಿನಗರದ ಅಣ್ಣನಿಗೂ.

ಬದುವಿನ ಮೇಲೆ
ರಾಶಿ ಸರಿಸುವಾಗ ಗಿಡ್ಡ ಮಾಡಿ, ಮೇಲೆ ಟಾರ್ಪಾಲು ಹೊದಿಸಿ, ಸುತ್ತ ಮರಳಿನ ಚೀಲ ಇಡಿ. ಮೇಲ್ಮಣ್ಣು ಇದ್ದರೆ ಅದನ್ನು ಬೇರೆ ಇಡಿ, ಮನೆ ಮುಗಿದ ಮೇಲೆ ಅಂಗಳಕ್ಕೆ ಬೇಕು.

ಹೊಸಬ ಮಡಗಾಂವ್
ಸಿಲ್ಟ್ ಫೆನ್ಸ್ ಹೇಗೆ ಕಟ್ಟುವುದು ಅಂತ ಯಾರೂ ಪೂರ್ತಿ ಹೇಳಲಿಲ್ಲ. ನನಗೂ ಬೇಕು.

ಸಿವಿಲ್ ಪುಣೆ
ಹೇಳುತ್ತೇನೆ. ಇಳಿಜಾರಿಗೆ ಅಡ್ಡ, ಒಂದೇ ಮಟ್ಟದಲ್ಲಿ ಗೆರೆ ಹಾಕಿ. ಕಣ್ಣಂದಾಜು ಬೇಡ. ಮೇಸ್ತ್ರಿಗಳ ಹತ್ತಿರ ನೀರಿನ ಲೆವೆಲ್ ಪೈಪ್ ಇರುತ್ತದೆ, ಅದರಿಂದ ಮಟ್ಟ ಹಿಡಿಯಿರಿ. ಗೆರೆಯುದ್ದಕ್ಕೂ 15 ಸೆಂಟಿಮೀಟರ್ ಆಳ, ಅಷ್ಟೇ ಅಗಲದ ಗುಂಡಿ. ಕೆಳಗಿನ ಬದಿಗೆ 2 ಮೀಟರಿಗೊಂದು ಗಟ್ಟಿ ಗೂಟ. ಬಟ್ಟೆಯನ್ನು ಗೂಟದ ಮೇಲಿನ ಬದಿಗೆ ಕಟ್ಟಿ, ಬುಡವನ್ನು ಗುಂಡಿಯಲ್ಲಿ ಮಡಚಿ, ಮಣ್ಣು ತುಂಬಿ ಚೆನ್ನಾಗಿ ಧಮ್ಮಸ್ಸು ಮಾಡಿ. ನಮ್ಮಲ್ಲಿ ನೂರಕ್ಕೆ ತೊಂಬತ್ತು ಜನ ಈ ಬುಡವನ್ನೇ ಬಿಡುತ್ತಾರೆ ಅನ್ನಿಸುತ್ತದೆ. ಆಗ ನೀರು ಕೆಳಗಿಂದ ನುಸುಳುತ್ತದೆ, ಬೇಲಿ ಕೇವಲ ತೋರಿಕೆಗೆ ನಿಂತಿರುತ್ತದೆ.

ಎರಡೂ ತುದಿಯನ್ನು ಇಳಿಜಾರಿನ ಮೇಲ್ಬದಿಗೆ ಬಾಗಿಸಿ. 30 ಮೀಟರ್ ಬೇಲಿಗೆ 1,000 ಚದರ ಮೀಟರ್ ಜಾಗದ ನೀರು, ಅದಕ್ಕಿಂತ ಜಾಸ್ತಿ ಬೇಡ. ಪರ್ವರಿ ಸೈಟಿಗೆ 60 ಮೀಟರ್ ಬೇಕು. ಹೂಳು ಬೇಲಿಯ ಮೂರರಲ್ಲಿ ಒಂದು ಭಾಗ ಮುಟ್ಟಿದರೆ ತೆಗೆಯಿರಿ. ಕಾಲುವೆ, ಮೋರಿಗೆ ಅಡ್ಡಲಾಗಿ ಮಾತ್ರ ಯಾವತ್ತೂ ಕಟ್ಟಬೇಡಿ. ಅಲ್ಲಿ ಕಲ್ಲಿನ ಗಿಡ್ಡ ತಡೆ ಹಾಕಿ, ನಡುಭಾಗ ಅಂಚಿಗಿಂತ ತಗ್ಗಿರಲಿ. ಇಲ್ಲದಿದ್ದರೆ ನೀರು ಪಕ್ಕದ ದಂಡೆ ಕೊರೆಯುತ್ತದೆ.

ಮುಲುಂಡ್ ನಿವಾಸಿ
ಗೇಟ್ ಮರೆಯಬೇಡಿ. ಮುಂಬಯಿಯಲ್ಲಿ ನಾನು ನೋಡಿದ ಅರ್ಧ ಕೆಸರು ಲಾರಿಯ ಟೈರಿನಲ್ಲೇ ಹೊರಗೆ ಬರುತ್ತದೆ. ಗೇಟಿನ ಒಳಗೆ 15 ಮೀಟರ್ ಉದ್ದ ದಪ್ಪ ಜಲ್ಲಿ ಹಾಸಿ, ಎರಡು, ಮೂರು ಇಂಚಿನದ್ದು. ಟೈರ್ ಅದರ ಮೇಲೆ ಉರುಳಿ ಕೆಸರು ಉದುರಿಸುತ್ತದೆ. ರಸ್ತೆಗೆ ಬಿದ್ದದ್ದನ್ನು ಪೈಪ್ ಹಿಡಿದು ತೊಳೆಯಬೇಡಿ, ಗುಡಿಸಿ ಎತ್ತಿ. ತೊಳೆದರೆ ಮತ್ತೆ ಮೋರಿಗೇ ಹೋಗುತ್ತದೆ.

ಇನ್ನೊಂದು ಮಾತು ಹೇಳಲೇಬೇಕು. ಹಿಂದೆ ನಾನು ಕೆಲಸ ಮಾಡಿದ ಒಂದು ಸೈಟಿನಲ್ಲಿ ಪಾಯದ ಗುಂಡಿಯ ಕೆಸರು ನೀರನ್ನು ರಾತ್ರಿ ಹೊತ್ತು ಪಂಪ್ ಹಚ್ಚಿ ನೇರ ಮೋರಿಗೆ ಬಿಡುತ್ತಿದ್ದರು. ನಾನೂ ನಿಂತು ನೋಡಿದ್ದೇನೆ, ಸುಮ್ಮನಿದ್ದೆ. ಪ್ರತಿ ವರ್ಷ ಮಳೆಗೆ ಮುಂಚೆ ಮುಂಬಯಿಯ ನಾಲೆಗಳ ಹೂಳೆತ್ತುವಾಗ ಅದೇ ನೆನಪಾಗುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಬಂದಾಗ ನಾನು ಸೊಂಟದ ಮಟ್ಟದ ನೀರಿನಲ್ಲಿ ನಡೆದು ಮನೆಗೆ ಹೋದವನು. ಆ ಮಳೆಗೆ ಯಾವ ನಾಲೆಯೂ ಸಾಲದು, ಒಪ್ಪುತ್ತೇನೆ. ಆದರೆ ಇದ್ದ ನಾಲೆಯನ್ನಾದರೂ ನಾವು ತುಂಬಿಸಬಾರದಿತ್ತು.

ಸಿವಿಲ್ ಪುಣೆ
ಕಾಂಕ್ರೀಟ್ ಮಿಕ್ಸರ್ ತೊಳೆದ ನೀರಿಗೆ ಬೇರೆ ಗುಂಡಿ ಮಾಡಿ, ತಳಕ್ಕೆ ಪ್ಲಾಸ್ಟಿಕ್ ಹಾಸಿ. ಅದರ ಪಿಎಚ್ 12ರ ಹತ್ತಿರ ಇರುತ್ತದೆ, ಅಂದರೆ ತೀರಾ ಕ್ಷಾರ. ಹೂಳು ಹೊಂಡಕ್ಕೆ ಬಿಟ್ಟರೆ ಗದ್ದೆಯ ಕಪ್ಪೆ, ಮೀನು ಸಾಯುತ್ತವೆ.

ಗದ್ದೆಮನೆ
ಹೂಳು ಹೊಂಡದ ಸುತ್ತ ಬೇಲಿ ಹಾಕಿ. ಸೈಟಿನಲ್ಲಿ ಮಕ್ಕಳು ಆಡುತ್ತಾರೆ.

ಪರ್ವರಿ ಗುಡ್ಡ
ಹದಿನೆಂಟು ದಿನದ ನಂತರ ಬರೆಯುತ್ತಿದ್ದೇನೆ. ಮಳೆ ಶುರುವಾಗಿ ಐದು ದಿನ ಆಯಿತು.

ಎಂಜಿನಿಯರ್ ಬಂದು ನೋಡಿದರು. ಕಡಿತವನ್ನು ಓರೆ ಮಾಡಿ ನಡುವೆ ಒಂದು ಮೆಟ್ಟಿಲು ಬಿಟ್ಟಿದ್ದೇವೆ. ಒಂದು ಮನೆ ಎರಡು ಮೀಟರ್ ಮುಂದೆ ಬಂತು, ಮಾಲೀಕರು ಮೊದಲು ಸಿಟ್ಟಾದರು, ಕೊಂಢ್ವಾ ವಿಷಯ ಹೇಳಿದ ಮೇಲೆ ಒಪ್ಪಿದರು. ಹೊಸ ನಕ್ಷೆ ಮಂಜೂರಿಗೆ ಕೊಟ್ಟಿದ್ದೇವೆ. ಮೇಲೆ ಪ್ಲಾಸ್ಟಿಕ್ ಹಾಸಿದ ಕಾಲುವೆ ಆಯಿತು. ಗೇರು ಗುಡ್ಡದ ನೀರು ತಿಳಿಯಾಗಿಯೇ ಪಕ್ಕದಿಂದ ಇಳಿಯುತ್ತಿದೆ. ಕಡಿತಕ್ಕೆ ಗರಿ ಹಾಸಿದೆವು, ಭೂವಸ್ತ್ರ ಅರ್ಧಕ್ಕೆ ಮಾತ್ರ ಸಿಕ್ಕಿತು. ಉಳಿದ ಬಯಲಿಗೆ ಹುಲ್ಲು.

ಬೇಲಿ ಮೂರನೇ ದಿನ ಒಂದು ಕಡೆ ಸೋತಿತು. ಎಡ ತುದಿಯನ್ನು ಬಾಗಿಸಿರಲಿಲ್ಲ. ನೀರು ಅಲ್ಲೇ ದಾರಿ ಮಾಡಿಕೊಂಡಿತು. ಮಳೆಯಲ್ಲೇ ನಿಂತು ಸರಿ ಮಾಡಿದೆವು.

ಬಾಟಲಿ ಪರೀಕ್ಷೆಯನ್ನೂ ಮಾಡಿದೆವು, ಜುವಾರಿನಗರದ ಅಣ್ಣ ಎದುರಿಗೇ ಇದ್ದರು. ಒಂದು ತುಂಡು ಜಾಗಕ್ಕೆ ಅವರ ಹಸಿರು ನೆಟ್ಟೇ ಕಟ್ಟಿದ್ದೆವು. ನೆಟ್ ದಾಟಿದ ಬಾಟಲಿಯಲ್ಲಿ ಮುಕ್ಕಾಲು ಇಂಚು ಹೂಳು. ಬಟ್ಟೆ ದಾಟಿದ್ದರಲ್ಲಿ ಬರೀ ಒಂದು ಗೆರೆ. ಹುಲ್ಲು ಹಾಸಿದ ಜಾಗದಿಂದ ಬಂದ ನೀರು ಬೇಲಿ ಮುಟ್ಟುವ ಮುಂಚೆಯೇ ಹೆಚ್ಚು ಕಡಿಮೆ ತಿಳಿ.

ಆದರೂ ಹೊಂಡದ ಕೋಡಿಯಿಂದ ಹೊರಗೆ ಹೋಗುವ ನೀರು ಇನ್ನೂ ಚಹಾ ಬಣ್ಣಕ್ಕಿದೆ. ಭೂವಸ್ತ್ರ ಸಿಗದ ಅರ್ಧದಿಂದ ಬರುವ ಶೇಡಿ ಅದು.

ಜುವಾರಿನಗರ ಕಾಂಟ್ರಾಕ್ಟರ್
ಮುಕ್ಕಾಲು ಇಂಚು ನಾನೇ ಅಳೆದೆ. ನನ್ನ ನಾಲ್ಕೂ ಸೈಟಿಗೆ ಬಟ್ಟೆ ತರಿಸುತ್ತಿದ್ದೇನೆ. ಇಷ್ಟು ವರ್ಷ ಎಷ್ಟು ಮಣ್ಣು ಬಿಟ್ಟೆನೋ.

ಗದ್ದೆಮನೆ
ಅಜ್ಜಿಯ ಗದ್ದೆ ಏನಾಯಿತು?

ಪರ್ವರಿ ಗುಡ್ಡ
ಉಳುವ ಮುಂಚೆ ನಾವು ಎಂಟು ಜನ ಹೋಗಿ ಮೇಲಿನ ಕೆಂಪು ಪದರ ಬುಟ್ಟಿಯಲ್ಲಿ ಎತ್ತಿದೆವು. ಮೋರಿಯನ್ನೂ ಕೆರೆದೆವು. ಒಂದೂವರೆ ದಿನ ಹಿಡಿಯಿತು. ಅಜ್ಜಿ ಬದುವಿನ ಮೇಲೆ ಕೂತು ನೋಡುತ್ತಿದ್ದರು. ಮಧ್ಯಾಹ್ನ ಎಲ್ಲರಿಗೂ ಗಂಜಿ ಕೊಟ್ಟರು. ನಿನ್ನೆ ನಾಟಿ ಆಯಿತು. ಚಹಾ ಬಣ್ಣದ ನೀರಿನ ಬಗ್ಗೆ ನಾನೇ ಹೋಗಿ ಹೇಳಿದ್ದೇನೆ. ದಿನಾ ಸಂಜೆ ಬಂದು ನೋಡು ಅಂದರು. ಹೋಗುತ್ತಿದ್ದೇನೆ.

ನರ್ಸರಿಯವರೇ, 600 ಲಾವಂಚ ಸಸಿ ಭಾನುವಾರ ಬರುತ್ತಿವೆ. ಮಳೆಯಲ್ಲೇ ನೆಡಬಹುದಾ?

ನರ್ಸರಿ ಕೆಲಸ
ನೆಡಿ, ಇದೇ ಸರಿಯಾದ ಹೊತ್ತು. ಭೂವಸ್ತ್ರ ಇಲ್ಲದ ಅರ್ಧಕ್ಕೆ ಮೊದಲು. ಗರಿ ಸರಿಸಿ ನೆಟ್ಟು ಮತ್ತೆ ಹೊದಿಸಿ.

ಬದುವಿನ ಮೇಲೆ
ಸಾಲಿಗೂ ಲೆವೆಲ್ ಪೈಪ್ ಹಿಡಿಯಿರಿ. ನಾನೂ ಭಾನುವಾರ ಫೋಂಡಾದಿಂದ ಬರುತ್ತೇನೆ, ಎಷ್ಟು ಗಂಟೆಗೆ?

ಪರ್ವರಿ ಗುಡ್ಡ
ಏಳಕ್ಕೆ ಬನ್ನಿ. ತಿಂಡಿ ನಮ್ಮಲ್ಲೇ.